ಉಳುಕು ತೆಗೆದ ಕಾಲು

ಮದುವೆಯಾಗದ ಗಂಡಸಿಗೆ ಜ್ವರ ಬರಬಹುದು, ಕೆಮ್ಮು ಬರಬಹುದು. ಸೊಂಟ ಮಾತ್ರ ಹಿಡಿಯಬಾರದು. ಜ್ವರವೆಂದರೆ ಗಂಜಿ ಕಾಯಿಸಿ ಕೊಡುವ ಜನ ಸೊಂಟವೆಂದರೆ ಮುಸಿಮುಸಿ ನಗುತ್ತಾರೆ. ನನ್ನ ಪಾಡು ಇನ್ನೂ ಕೆಟ್ಟದ್ದು. ಯಲಬುರ್ಗಾದ ನಮ್ಮ ಕಚೇರಿಯಲ್ಲಿ ನಾನು ಎಲ್ಲರ ನಡಿಗೆಯನ್ನೂ ಅಣಕಿಸಿ ತೋರಿಸುವ ಗುಮಾಸ್ತ. ವಾತ ಹಿಡಿದ ಹೆಡ್ ಕ್ಲಾರ್ಕರು ಕುರ್ಚಿಯಿಂದ ಏಳುವ ಪರಿಯನ್ನು ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಹೀಗಿರುವಾಗ ಕಬ್ಬಿಣದ ಕಪಾಟು ಸರಿಸಹೋಗಿ ನಿಜವಾಗಿಯೇ ಸೊಂಟ ಉಳುಕಿತು. ಗೋಡೆ ಹಿಡಿದು ಬಗ್ಗಿ ನಡೆದರೆ ಇಡೀ ಕಚೇರಿ ಚಪ್ಪಾಳೆ ತಟ್ಟಿ, ಇನ್ನೊಮ್ಮೆ ಮಾಡು ಎಂದಿತು. ಹೆಡ್ ಕ್ಲಾರ್ಕರೊಬ್ಬರೇ ನಗಲಿಲ್ಲ, ರಜೆಯನ್ನೂ ಕೊಡಲಿಲ್ಲ.

ಭಾನುವಾರ ಗಂಗಾವತಿಗೆ ಹೋದೆ. ಅಲ್ಲಿ ಮಾಜಿ ಪೈಲ್ವಾನರೊಬ್ಬರು ಕೀಲು ಕೂಡಿಸುತ್ತಿದ್ದರು, ಎಲ್ಲರೂ ಉಸ್ತಾದರೆನ್ನುತ್ತಿದ್ದರು. ಅವರು ನನ್ನನ್ನು ಚಾಪೆಯ ಮೇಲೆ ಬೋರಲು ಕೆಡವಿ, ಎಣ್ಣೆ ತಿಕ್ಕಿ, ಬೆನ್ನಿಗೆ ಮೊಣಕಾಲು ಊರಿ ಎರಡೂ ಹೆಗಲು ಹಿಂದಕ್ಕೆ ಜಗ್ಗಿದರು. ಆಮೇಲೆ ಎಬ್ಬಿಸಿ ಕೂರಿಸಿ, ನಿಮ್ಮ ಕಡೆ ಮಳೆ ಹೇಗೆ ಎಂದು ವಿಚಾರಿಸಿದರು. ಉತ್ತರ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಕುತ್ತಿಗೆ ತಿರುವಿದರು. ಲಟಕ್ಕೆಂದಿತು. ಸಪ್ಪಳ ಬಂತೆಂದರೆ ಕೀಲು ಕೂಡಿದಂತೆಯೇ ಎಂದು ಕಳಿಸಿಕೊಟ್ಟರು. ಬಸ್ಸಿನಲ್ಲಿ ಮರಳುವಾಗ ಸೊಂಟದ ನೋವು ಇದ್ದಲ್ಲೇ ಇತ್ತು. ಜೊತೆಗೆ ಕುತ್ತಿಗೆಯೂ ಸೇರಿಕೊಂಡಿತ್ತು.

ಇದೇ ಸ್ಥಿತಿಯಲ್ಲಿ ಕಿನ್ನಾಳಕ್ಕೆ ಕನ್ಯೆ ನೋಡಲು ಹೋಗಬೇಕಾಯಿತು. ಅಪ್ಪನಿಲ್ಲದ ನನಗೆ ಸೋದರಮಾವನೇ ಹಿರಿಯ. ಹಿಂದಿನ ಸಂಬಂಧ ನನ್ನ ಅಣಕದಿಂದಲೇ ಮುರಿದಿತ್ತು; ಇದೂ ಮುರಿದರೆ ಇನ್ನು ಯಾರ ಮನೆ ಬಾಗಿಲಿಗೂ ಬರುವುದಿಲ್ಲ ಎಂದು ಆಣೆ ಹಾಕಿದ್ದ. ಹುಡುಗಿ ಶಾಂತಾ ಚಹಾ ತಂದಿಟ್ಟು ಒಮ್ಮೆ ಕಣ್ಣೆತ್ತಿ ನೋಡಿದಳು. ನನಗಂತೂ ಒಪ್ಪಿಗೆಯಾಯಿತು. ಸೊಂಟದ ಸುದ್ದಿ ಎತ್ತದೆ ಜಮಖಾನೆಯ ಮೇಲೆ ಆ ಊರಿನ ಹೆಸರಾಂತ ಮರದ ಗೊಂಬೆಯಂತೆ ನೆಟ್ಟಗೆ ಕೂತಿದ್ದೆ. ಹೊರಡುವಾಗ ಎದ್ದದ್ದೇನೋ ನಿಜ, ಅರ್ಧ ಮಾತ್ರ. ಹುಡುಗಿಯ ಅಪ್ಪನೂ ಕೀಲುನೋವಿನವನು. ಆಗತಾನೆ ಹೀಗೇ ಸೊಂಟ ಹಿಡಿದು ಬಗ್ಗಿ ಎದ್ದಿದ್ದ. ನಾನು ಅಣಕಿಸುತ್ತಿದ್ದೇನೆಂದುಕೊಂಡು ಅವನ ಮುಖ ಕಪ್ಪಿಟ್ಟಿತು.

"ಲೇ, ಬೀಗರ ಮುಂದ ಸ್ವಾಂಗ ಹಾಕಬ್ಯಾಡೋ," ಎಂದು ಮಾವ ಹಲ್ಲು ಕಚ್ಚಿದ.

ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡವಳು ಹುಡುಗಿಯ ಅಜ್ಜಿ ಒಬ್ಬಳೇ. "ಸ್ವಾಂಗಲ್ಲೋ ಯಪ್ಪಾ, ಹುಡುಗಗ ಉಳುಕು ಹಿಡದೈತಿ. ನಮ್ಮ ಶಾಂತಾ ಕಾಲು ಮುಂದಾಗಿ ಹುಟ್ಟ್ಯಾಳ. ಬಾ ಯವ್ವಾ, ಒಂದೀಟು ತುಳಿ."

ಹಾಗೆ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ಎಲ್ಲರ ನಂಬಿಕೆ. ಓಣಿಯ ಅರ್ಧ ಸೊಂಟಗಳು ಶಾಂತಾಳ ಕಾಲಡಿ ಹೋಗಿ ಬಂದಿದ್ದವಂತೆ. ನೋಡಲು ಬಂದ ವರನಾದ ನಾನು ಹುಡುಗಿಯ ಅಪ್ಪನ ಎದುರೇ ಬೋರಲು ಮಲಗಿದೆ. ಅವಳು ಸೀರೆಯ ನೆರಿಗೆ ತುಸು ಎತ್ತಿ, ಅಂಜುತ್ತ ಹಿಮ್ಮಡಿ ಊರಿದಳು. ಒಳಗೆ ಏನೋ ಕಳಚಿದಂತಾಗಿ ಉಸಿರು ಸರಾಗವಾಯಿತು.

"ನೋವಾತೇನ್ರಿ?" ಎಂದಳು.

ಕಚೇರಿಯಲ್ಲಾಗಲಿ, ಗಂಗಾವತಿಯಲ್ಲಾಗಲಿ ಯಾರೂ ಕೇಳಿರದ ಮಾತು. ಊರೆಲ್ಲರ ನಡಿಗೆ ಮಾಡುವ ನಾನು ಅಂದು ಎದ್ದು ನನ್ನದೇ ನಡಿಗೆಯಲ್ಲಿ ಬಾಗಿಲ ತನಕ ನೆಟ್ಟಗೆ ಹೋದೆ.

ಮುಂದಿನ ವಾರ ಕಿನ್ನಾಳದಿಂದ ಹೇಳಿ ಕಳಿಸಿದರು. ಹುಡುಗ ಒಳ್ಳೆಯವನೇ, ಆದರೆ ಗಂಡನಾಗುವವನಿಗೆ ಒಮ್ಮೆ ಕಾಲು ಹಚ್ಚಿದ ಮೇಲೆ ಅದೇ ಕಾಲಿನಿಂದ ಅವನ ಮನೆಯ ಹೊಸ್ತಿಲು ದಾಟಿಸುವುದು ಸರಿಯಲ್ಲ ಎಂದು ಹಿರಿಯರು ತೀರ್ಮಾನಿಸಿದ್ದರು. ತುಳಿಯಲು ಹೇಳಿದ ಅಜ್ಜಿ ಮೂರು ಹೊತ್ತೂ ಬೈಸಿಕೊಳ್ಳುತ್ತಿದ್ದಾಳಂತೆ. ಶಾಂತಾಳನ್ನು ಯಾರೂ ಕೇಳಿದಂತಿಲ್ಲ. ಆಮೇಲೆ ಅವಳನ್ನು ಕುಷ್ಟಗಿಗೆ ಕೊಟ್ಟರು, ಸೊಂಟ ಗಟ್ಟಿಯಿದ್ದ ಒಬ್ಬನಿಗೆ.

ನನ್ನ ಸೊಂಟವೂ ಈಗ ಗಟ್ಟಿಯಾಗಿಯೇ ಇದೆ. ಮಾವ ಆಣೆ ಮುರಿದು ಇನ್ನೂ ಕನ್ಯೆ ತೋರಿಸುತ್ತಿದ್ದಾನೆ. ಚಹಾ ಕುಡಿದು ಏಳುವ ಹೊತ್ತಿಗೆ ನಾನು ಸೊಂಟ ಹಿಡಿದು, ಮುಖ ಕಿವುಚಿ ಒಂದು ಗಳಿಗೆ ಕೂತಿರುತ್ತೇನೆ, ಒಳಗಿನಿಂದ ಯಾರಾದರೂ ನೋವಾತೇನೆಂದು ಕೇಳುತ್ತಾರೇನೋ ಎಂದು. ಯಾರೂ ಕೇಳುವುದಿಲ್ಲ. ಮಾವ ಮಾತ್ರ ಸ್ವಾಂಗ ಎಂದು ಬೈಯುತ್ತಾನೆ. ಈಗ ಅವನು ಹೇಳುವುದು ನಿಜ.