ಕಾಲುರಿಗೆ ಕೊಟ್ಟ ಗುಳಿಗಿ

ನರದ ಡಾಕ್ಟರ್ ಅಂದ್ರ ಭಾಳ ಗಂಭೀರ ಕೆಲಸ ಅಂತ ಮಂದಿ ತಿಳಕೊಂಡಾರ. ಗದಗಿನಾಗ ನನ್ನ ದವಾಖಾನಿಗೆ ಬಂದು ಒಂದು ಮುಂಜಾನಿ ಕುಂತು ನೋಡ್ರಿ, ಗೊತ್ತಾಗತೈತಿ. ನನಗ ಮೊದಲ ಸಿಟ್ಟು ಮೂಗಿನ ತುದಿಮ್ಯಾಲ. ಆದ್ರ ಬೆಟಗೇರಿಯ ಈ ನೇಕಾರ ಗಂಡ-ಹೆಂಡತಿ ಮುಂದ ಆ ಸಿಟ್ಟು ಒಂದು ದಿನಾನೂ ನಿಂದರಲಿಲ್ಲ.

ಕಣ್ಣು ಮುಚ್ಚಿದ್ದು

ಸಕ್ಕರಿ ಕಾಯಿಲೆಯಿಂದ ಹೆಂಡತಿಯ ಅಂಗಾಲು ಉರೀತಿದ್ದುವು. ನೆಲದಾಗ ಕುಣಿ ತೋಡಿ ಹೂಡಿದ ಮಗ್ಗದಾಗ ಇಳಿದು ತುಳಿಯೋ ಹಲಗಿ ಮ್ಯಾಲ ಕಾಲಿಟ್ರ ಕೆಂಡ ತುಳಿದಂಗ. ಮಗ್ಗ ನಿಂತುಬಿಟ್ಟಿತ್ತು. "ನಾ ಮತ್ತ ನೇಯ್ತೀನೋ ಇಲ್ಲೋ ಹೇಳ್ರಿ?" ಅಂತ ಆಕಿ ಕೇಳಿದ್ದು ಅದೊಂದ ಮಾತು.

ಆಕಿಗೆ ಕಣ್ಣು ಮುಚ್ಚಾಕ ಹೇಳಿ, ಹತ್ತಿ ಎಳಿಯಿಂದ ಕಾಲು ಮುಟ್ಟಿದೆ. "ಎಲ್ಲಿ ಮುಟ್ಟೀನಿ ಹೇಳ್ರಿ."

ಆಕಿ ಬಾಯಿ ತೆರೆಯೋದ್ರೊಳಗ ಗಂಡ, "ಹೆಬ್ಬೆರಳು!"

"ನಿಮಗ್ಯಾರು ಕೇಳಿದ್ರೀ?"

"ಅಕಿ ಕಣ್ಣು ಮುಚ್ಚಿಸೀರಿ, ಪಾಪ ಅಕಿಗೆ ಹೆಂಗ ಗೊತ್ತಾಗಬೇಕ್ರಿ?"

ಇದು ಬಗೆಹರಿಯೂದಿಲ್ಲ ಅಂತ ಅಂವಗೂ ಕಣ್ಣು ಮುಚ್ಚಿಸಿದೆ. ನಾ ಆಕಿಯ ಎರಡೂ ಕಾಲು ನೋಡಿ ಮುಗಿಸಿದ ಮ್ಯಾಲೆ ಅಂವ ಗಾಬರಿಯಿಂದ ಅಂದ, "ನನಗೇನೂ ತಿಳೀವಲ್ತ್ರಿ. ನನ್ನ ನರಾನೂ ಹೋಗ್ಯಾವೇನು?"

ನರದ ಪುಣ್ಯೆ

ಗುಳಿಗಿ ಬರೆದು, ಇಬ್ಬರನ್ನೂ ಕುಂಡ್ರಿಸಿ ತಿಳಿಸಿ ಹೇಳಿದೆ. "ಸಿರೊಟೋನಿನ್ ಅಂತ ಒಂದು ರಸ ಐತಿ. ಅದು ಬರೇ ಮೆದುಳಿನ ವ್ಯವಹಾರ ಅಂತ ಮಂದಿ ಅಂತಾರ, ಹಂಗಲ್ಲ. ಕೈಕಾಲಿನ ನರದ ಮ್ಯಾಲೂ ಅದನ್ನ ಹಿಡಕೊಳ್ಳೋ ಗ್ರಾಹಕ ಅದಾವ, ಬಾಗಲ ಇದ್ದಂಗ. ನರಕ್ಕ ಸುತ್ತಿಕೊಂಡು ಜ್ವಾಪಾನ ಮಾಡೋ ಕೋಶ ಇರತಾವಲ್ಲ, ಅವಕ್ಕೂ ಅಂಥಾ ಬಾಗಲ ಅದಾವ. ಯಾವ ಬಾಗಲದಿಂದ ನೋವು ಹೆಚ್ಚು, ಯಾವುದರಿಂದ ಕಮ್ಮಿ, ಇನ್ನೂ ಹುಡುಕಾಕತ್ತಾರ. ಈ ಗುಳಿಗಿ ಆ ರಸ ಜಲ್ದಿ ಖಾಲಿ ಆಗದಂಗ ಮಾಡಿ, ಬೆನ್ನಹುರಿಯಾಗ ನೋವಿನ ಖಬರ ತಡೀತೈತಿ. ಇದು ಕಾಲುರಿಗೆ ಕೊಟ್ಟ ಗುಳಿಗಿ, ನೆನಪಿರ್ಲಿ."

ಗಂಡ ಗೋಣು ಹಾಕಿದ. ಆಕಿ ಮಾತ್ರ ಒಂದು ಕಡೆ ಸಿಕ್ಕೊಂಡಿದ್ಲು. "ಅಲ್ರೀ, ನರಕ್ಕೂ ಸುತ್ತ ನಿಂತು ಜ್ವಾಪಾನ ಮಾಡೋರು ಅದಾರನ್ರಿ?"

"ಅದಾರವಾ."

ಆಕಿ ಗಂಡನ ಕಡೆ ಒಮ್ಮೆ ನೋಡಿ ಉಸಿರು ಬಿಟ್ಲು. "ಆ ನರದ ಪುಣ್ಯೆ ಬಿಡ್ರಿ."

ಮಾತಾಡಸಾಕ ಬಂದೋರು

ಮನ್ಯಾಗ ಅವರ ಸೊಸಿ ಮೊಬೈಲಿನಾಗ ಗುಳಿಗಿ ಹೆಸರು ಹುಡುಕಿದ್ಲಂತ. ಮೊದಲನೇ ಸಾಲಿನಾಗ 'ಖಿನ್ನತೆಗೆ' ಅಂತ ಇತ್ತು. ನರದ ನೋವಿಗೂ ಅದ ಗುಳಿಗಿ ಅನ್ನೋದು ಕೆಳಗಿನ ಸಾಲಿನಾಗ. ಅಲ್ಲೀತನಕ ಯಾರು ಓದ್ತಾರ? ಅತ್ತಿ ಮನಸ್ಸು ಮುರಿದೈತಿ ಅಂತ ಸುದ್ದಿ ಊರೂರಿಗೆ ಹೋತು. ಯಳವತ್ತಿಯಿಂದ, ಮುಂಡರಗಿಯಿಂದ ಬೀಗರು-ಬಿಜ್ಜರು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟಗೊಂಡು ಮಾತಾಡಸಾಕ ಬಂದ್ರು. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಲಕ್ಷ್ಮೇಶ್ವರದ ನಾದಿನಿ ಸೈತ ಬಂದು, "ನಗವಾ, ಒಂದೀಟು ನಗು" ಅಂತ ಎದುರಿಗೇ ಕುಂತ್ಲಂತ.

"ಕಾಲು ಉರೀತಾವ ಅಂದ್ರ, 'ಹೂಂ ಯವ್ವಾ, ಮನಸ್ಸಿಗೆ ಹಂಗ ಅನಸ್ತೈತಿ' ಅಂತಾರ್ರಿ!" ಆಕಿ ನನ್ನ ಮುಂದ ಹಣಿ ಬಡಕೊಂಡ್ಲು. "ಬಂದೋರು ತಾವ ಅಳ್ತಾರ. ಅವರನ್ನ ಸಮಾಧಾನ ಮಾಡಿ ಮಾಡಿ ನನಗ ಸಾಕಾಗೈತಿ. ಅವರಿಗೂ ಒಂದೊಂದು ಗುಳಿಗಿ ಬರೀರಿ."

ಇಬ್ಬರ ಗುಟ್ಟು

ಮುಂದ ಉರಿ ಇಳೀತು. ಆಕಿ ಕುಣ್ಯಾಗ ಇಳಿದು ಮತ್ತ ನೇಯಾಕತ್ತಿದ್ಲು. ಹೇಳುವಾಗ ಆಕಿ ಮಾರಿ ನೋಡಬೇಕಿತ್ತು! ನನಗೂ ಜೀವ ತಂಪಾತು. "ಗುಳಿಗಿ ಹಗೂರಕ ಕಮ್ಮಿ ಮಾಡೂಣು. ನಿಮ್ಮ ಮಂದಿನ್ನ ಕರೀರಿ, ಇದು ಕಾಲಿಂದು ಅಂತ ನಾನ ಹೇಳ್ತೀನಿ" ಅಂದೆ.

"ಬ್ಯಾಡ್ರಿ ಯಪ್ಪಾ!" ಆಕಿ ಎದ್ದು ನಿಂತ್ಲು. "ಮದಿವಿ ಆದಾಗಿಂದ ಒಲಿ ಕಡೆ ಮುಖ ಮಾಡದ ಮನುಷ್ಯಾ ಈಗ ಮುಂಜಾನೆದ್ದು ಚಾ ಮಾಡಿ ಕೊಡ್ತಾರ್ರಿ. ನನ್ನ ಬಾಜೂಕ ಕುಂತು ಮಾತಾಡ್ತಾರ. ನಾ ಬ್ಯಾಸರದಾಕಿ ಅಂತನ ಇರ್ಲಿ ಬಿಡ್ರಿ."

ಆಕಿ ಹೊರಗ ಹೋದ ಮ್ಯಾಲೆ ಗಂಡ ಒಳಗ ಬಂದು ಬಾಗಲ ಎಳೆದು ಮುಚ್ಚಿದ. "ಸಾಹೇಬ್ರ, ಆ ಗುಳಿಗಿ ಕಾಲಿಂದು ಅಂತ ನನಗ ಗೊತ್ತೈತ್ರಿ. ನೀವು ಹೇಳುವಾಗ ಇಲ್ಲೇ ಕುಂತಿದ್ನಲ್ರಿ."

"ಮತ್ತ ಬಂದ ಮಂದಿಗೆ ಯಾಕ ಹೇಳ್ಲಿಲ್ಲೋ ಮಾರಾಯ?"

ಅಂವ ಟೊಪಗಿ ತೆಗೆದು ಕೈಯಾಗ ತಿರುವಿದ. "ಅಕಿ ಮ್ಯಾಲ ಭಾಳ ಜೀವ ಐತ್ರಿ ನಂದು. ಆದ್ರ ಈ ವಯಸ್ಸಿನಾಗ ಸುಮ್ಮ್ ಸುಮ್ಮನ ಹೆಂಡ್ತಿಗೆ ಚಾ ಮಾಡಿ ಕೊಟ್ರ ಓಣಿ ಮಂದಿ ನಗೂದಿಲ್ಲೇನ್ರಿ? ಈಗ ಹೆಂಗೋ ಒಂದು ನೆವ ಸಿಕ್ಕೈತಿ. ಕೈ ಮುಗೀತೀನಿ, ಅಷ್ಟು ಜಲ್ದಿ ಅಕಿನ್ನ ಪೂರಾ ಆರಾಮ ಮಾಡಬ್ಯಾಡ್ರಿ."