ಅರ್ಧ ಅಂಕದ ಬೋಲ್ಟು

ಉತ್ತರ ಸರಿಯಿದ್ದರೂ ಯೂನಿಟ್ ಬರೆಯಲಿಲ್ಲವೆಂದು ಅರ್ಧ ಅಂಕ ಕಳೆಯುವ ಭೌತಶಾಸ್ತ್ರದ ಮೇಷ್ಟ್ರುಗಳನ್ನು ನೀವು ಕಂಡಿರಬಹುದು, ಮನಸ್ಸಿನಲ್ಲೇ ಬೈದೂ ಇರಬಹುದು. ನಾನು ಆ ಜಾತಿಯವನೇ. "ಇಪ್ಪತ್ತು ಅಂತ ಬರ್ದಿದ್ದೀಯಲ್ಲ, ಇಪ್ಪತ್ತು ಏನು? ಕುರಿಯೋ, ಕೋಳಿಯೋ?" ಎಂದು ತರಗತಿಯಲ್ಲಿ ನಾನು ಕೂಗಿದ್ದಕ್ಕೆ ಲೆಕ್ಕವಿಲ್ಲ. ಈ ಮಾತು ವಿನೋಬನಗರದ ನಮ್ಮ ಮನೆಯವರೆಗೂ ಬಂದು ನನ್ನ ಹೆಂಡತಿ ಗಿರಿಜೆಗೂ ಬಾಯಿಪಾಠವಾಗಿದೆ. ಇಷ್ಟು ಶಿಸ್ತಿನ ಮನುಷ್ಯ ಒಂದು ಬೋಲ್ಟಿನ ಮುಂದೆ ಹೇಗೆ ಮಕಾಡೆ ಬಿದ್ದ ಅನ್ನುವುದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಬೈಕು ನಮ್ಮ ಮಾವನವರದು. ಕುಂಸಿಯ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿಸಿ, ಮಂಡಿನೋವು ಶುರುವಾದ ಮೇಲೆ, "ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರಲ್ಲ ಅಳಿಯಂದ್ರೆ, ನೀವೇ ಇಟ್ಕೊಳ್ಳಿ" ಎಂದು ಕಣ್ಣು ತುಂಬಿಕೊಂಡು ಕೊಟ್ಟಿದ್ದರು. ಅದು ಹೊಗೆ ಉಗುಳತೊಡಗಿದಾಗ ಎಂಜಿನ್ ಬಿಚ್ಚಿ ನಾನೇ ಸರಿಮಾಡಲು ಕೂತೆ. ತಿರುಗುಬಲದ ಪಾಠವನ್ನು ಪ್ರತಿವರ್ಷ ನಾಲ್ಕು ಸೆಕ್ಷನ್ನಿಗೆ ಮಾಡುವವನಿಗೆ ನಾಲ್ಕು ಬೋಲ್ಟು ಬಿಗಿಯುವುದು ಯಾವ ಮಹಾ? ನನ್ನ ಕೈ ಎಂಥದೆಂದರೆ, ನಾನು ಮುಚ್ಚಿಟ್ಟ ಉಪ್ಪಿನಕಾಯಿ ಬಾಟಲಿಯನ್ನು ತೆಗೆಯಲು ಗಿರಿಜೆ ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತದೆ. ಹೊಸ ಪಿಸ್ಟನ್, ರಿಂಗು ಎಲ್ಲ ಕೂರಿಸಿ, ಎಂಜಿನ್ನಿನ ಹೆಡ್ಡಿನ ಬೋಲ್ಟುಗಳನ್ನು ಬಿಗಿಯುತ್ತಾ ಹೋದೆ. ಇನ್ನೊಂಚೂರು, ಇನ್ನೊಂಚೂರು ಅನ್ನುವಷ್ಟರಲ್ಲಿ ಮೂರನೆಯದು ಟಕ್ಕೆಂದು ಮುರಿಯಿತು. ಅರ್ಧ ನನ್ನ ಕೈಗೆ ಬಂತು, ಅರ್ಧ ಒಳಗೇ ಉಳಿಯಿತು. ಸರಿಯಾಗಿ ಅದೇ ಹೊತ್ತಿಗೆ ಕುಂಸಿಯಿಂದ ಫೋನು. ಭಾನುವಾರ ಮಾವನವರು ಬರುತ್ತಾರೆ, ಬೈಕಿನಲ್ಲಿ ಒಂದು ರೌಂಡು ಹೋಗುವ ಆಸೆಯಂತೆ.

"ಬೈಕು ಏಳ್ಲಿಲ್ಲ ಅಂದ್ರೆ ಅಪ್ಪನ ಮುಖ ನೀವೇ ನೋಡ್ಕೊಳ್ಳಿ, ನನ್ನ ಕೈಲಾಗಲ್ಲ" ಎಂದಳು ಗಿರಿಜೆ.

ಪಕ್ಕದ ರಸ್ತೆಯ ಮೆಕ್ಯಾನಿಕ್ ನಜೀರ್ ಬಂದು ಒಳಗಿದ್ದ ತುಂಡನ್ನು ಹುಷಾರಾಗಿ ತೆಗೆದುಕೊಟ್ಟ. "ಥ್ರೆಡ್ಡು ಬಚಾವ್ ಸಾರ್. ಇನ್ನೊಂದ್ಸಲ ಹಿಂಗಾದ್ರೆ ಎಂಜಿನ್ನೇ ಖತಂ." ಹಾಗಾದರೆ ಎಷ್ಟು ಬಿಗಿಯಬೇಕು ಎಂದು ಕೇಳಿದೆ. "ಅದು ಕೈಗೇ ಗೊತ್ತಾಗುತ್ತೆ ಸಾರ್." "ನನ್ನ ಕೈಗೆ ಗೊತ್ತಾಗ್ಲಿಲ್ಲವಲ್ಲ ಮಾರಾಯ!" ತಾನೇ ಬಿಗಿದು ಕೊಡುತ್ತೇನೆಂದ. ಬೇಡವೆಂದೆ. ಹಠ ಅನ್ನಿ, ಕೊಬ್ಬು ಅನ್ನಿ, ನಂಬರು ಸಿಗದೆ ಸ್ಪ್ಯಾನರ್ ಮುಟ್ಟುವುದಿಲ್ಲವೆಂದು ನಿರ್ಧರಿಸಿಬಿಟ್ಟಿದ್ದೆ. ಷೋರೂಮಿನವರು ಆ ಮಾಡೆಲ್ಲಿನ ಹೆಸರು ಕೇಳಿಯೇ ನಕ್ಕರು. ಕೊನೆಗೆ ನಜೀರನೇ, ಅದರ ರಿಪೇರಿ ಪುಸ್ತಕ ಭದ್ರಾವತಿಯ ಸೆಲ್ವರಾಜ್ ಹತ್ತಿರ ಇದೆ ಎಂದು ವಿಳಾಸ ಕೊಟ್ಟ.

ಶುಕ್ರವಾರ ರಜೆ ಹಾಕಿ ಭದ್ರಾವತಿಗೆ ಹೋದೆ. ಸೆಲ್ವರಾಜ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪ್ಲಾಸ್ಟಿಕ್ ಕವರಿನಿಂದ ಪುಸ್ತಕ ತೆಗೆದು, ನನ್ನ ಕೈಗೆ ಕೊಡದೆ ತಾವೇ ಹಿಡಿದು ತೋರಿಸಿದರು. "ಬೇಜಾರು ಮಾಡ್ಕೋಬೇಡಿ ಸಾರ್, ಪುಸ್ತಕ, ಸ್ಪ್ಯಾನರ್ ಎರಡೂ ನಾನು ಹೊರಗೆ ಬಿಡಲ್ಲ." ಎಣ್ಣೆ ಹತ್ತಿದ ಪುಟದಲ್ಲಿ ಬೆರಳಾಡಿಸಿ ಸಾಲು ಹುಡುಕಿಕೊಟ್ಟರು. ನನಗೆ ನಿಧಿ ಸಿಕ್ಕಷ್ಟು ಸಂತೋಷವಾಯಿತು. ಬಸ್ ಟಿಕೆಟ್ಟಿನ ಹಿಂದೆ '20' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಅವರು ಕೊಟ್ಟ ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಬಸ್ಸಿಗೆ ಓಡಿದೆ.

ಮನೆಗೆ ಬಂದವನೇ ಗಿರಿಜೆಯ ಮುಂದೆ ಟಿಕೆಟ್ಟು ಹಿಡಿದೆ.

"ಇಪ್ಪತ್ತು ಏನು?" ಎಂದಳು.

"ಇಪ್ಪತ್ತು..."

"ಕುರಿಯೋ, ಕೋಳಿಯೋ?"

ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಯೂನಿಟ್ಟೇ ಬರೆದುಕೊಂಡಿರಲಿಲ್ಲ. ಹಳೆಯ ಪುಸ್ತಕ, ಅದು ನ್ಯೂಟನ್ ಮೀಟರಾದರೂ ಇರಬಹುದು, ಅಡಿ-ಪೌಂಡಾದರೂ ಇರಬಹುದು. ಒಂದಕ್ಕೂ ಇನ್ನೊಂದಕ್ಕೂ ಬಿಗಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ. ಕಡಿಮೆಯಾದರೆ ಸೋರುತ್ತದೆ, ಹೆಚ್ಚಾದರೆ ಮತ್ತೆ ಟಕ್. ಸೆಲ್ವರಾಜ್ ಮನೆಯಲ್ಲಿ ಫೋನಿಲ್ಲ. ಥೂ ನನ್ನ ಬುದ್ಧಿಗಿಷ್ಟು ಎಂದು ಬೈದುಕೊಂಡು ಶನಿವಾರ ಕ್ಲಾಸು ಮುಗಿದ ಕೂಡಲೇ ಮತ್ತೆ ಬಸ್ಸು ಹತ್ತಿದೆ.

"ವಾಂಗ ಸಾರ್! ಮಿಕ್ಕಿದ್ದ ಕಾಫಿ ಕುಡಿಯೋಕೆ ಬಂದ್ರಾ?" ಎಂದರು ಸೆಲ್ವರಾಜ್. ನಾಚಿಕೆ ಬಿಟ್ಟು ವಿಷಯ ಹೇಳಿದೆ. ಅವರು ಪುಸ್ತಕ ತೆಗೆದು ನೋಡಿ, ನ್ಯೂಟನ್ ಮೀಟರ್ ಎಂದರು. ಆಮೇಲೆ ಮೆಲ್ಲಗೆ, "ಸರಿ ಸಾರ್, ಯಾವುದ್ರಲ್ಲಿ ಅಳೀತೀರಾ?" ಎಂದು ಕೇಳಿದರು.

ಅಯ್ಯೋ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಿಗಿಯ ಅಳತೆ ತೋರಿಸುವ ಸ್ಪ್ಯಾನರ್ ಅವರ ಗೋಡೆಯ ಮೇಲೇ ನೇತಾಡುತ್ತಿತ್ತು, ಆದರೆ ಅದು ಹೊರಗೆ ಬರುವಂತಿರಲಿಲ್ಲ. "ರದ್ದಿ ಅಂಗಡಿ ಸ್ಪ್ರಿಂಗ್ ತಕ್ಕಡಿ ಸಾಕು ಸಾರ್. ಉದ್ದನೆ ಸ್ಪ್ಯಾನರ್ ತಗೊಂಡು, ಬೋಲ್ಟಿನ ನಡುವಿಂದ ಕಾಲು ಮೀಟರಿಗೆ ಗುರುತು ಹಾಕಿ. ಅಲ್ಲಿ ತಕ್ಕಡಿ ಕೊಕ್ಕೆ ಸಿಗಿಸಿ ಅಡ್ಡಕ್ಕೆ ಎಳೀರಿ. ಎಂಟು ಕೆಜಿ ತೋರಿಸ್ತಿದ್ದಂಗೇ ನಿಲ್ಸಿಬಿಡಿ. ನೀವು ಮೇಷ್ಟ್ರು, ನಿಮಗೆ ಇದೆಲ್ಲ ಗೊತ್ತೇ ಇರುತ್ತೆ." ಇದೇ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬಾಗಿಲಿನ ಚಿತ್ರ ಬರೆದು ಎಷ್ಟು ಸಲ ಬಿಡಿಸಿಲ್ಲ! "ಗೊತ್ತು, ಗೊತ್ತು" ಎಂದು ತಲೆ ತಗ್ಗಿಸಿ ಕಾಫಿಯನ್ನು ಪೂರ್ತಿ ಕುಡಿದೆ.

ಭಾನುವಾರ ಬೆಳಿಗ್ಗೆ ರದ್ದಿ ಅಂಗಡಿಯಿಂದ ತಂದ ತಕ್ಕಡಿಯಲ್ಲಿ ಮುರಿದದ್ದರ ಬದಲಿಗೆ ತಂದ ಹೊಸದೂ ಸೇರಿ ನಾಲ್ಕೂ ಬೋಲ್ಟುಗಳನ್ನು ಉಸಿರು ಹಿಡಿದು ಎಳೆದೆ. ಯಾವುದೂ ಟಕ್ ಅನ್ನಲಿಲ್ಲ. ಮಾವನವರು ಬಂದರು. ಎರಡನೇ ಕಿಕ್ಕಿಗೆ ಬೈಕು ಎದ್ದಿತು, ಹೊಗೆಯ ಸುಳಿವಿಲ್ಲ. ಅವರು ಒಂದು ರೌಂಡು ಎಂದವರು ಮೂರು ರೌಂಡು ಹೊಡೆದು ಬಂದು, ಬಿಸಿ ಎಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಂಡಿನೋವನ್ನೂ ಮರೆತು ಕೇಳಿದರು: "ಭಾರಿ ಮಾಡಿದ್ದೀರಿ ಅಳಿಯಂದ್ರೆ! ಬೋಲ್ಟು ಎಷ್ಟಕ್ಕೆ ಬಿಗಿ ಮಾಡಿದ್ರಿ?"

ನನಗೆ ಆಕಾಶಕ್ಕೆ ಮೂರೇ ಗೇಣು. ಎದೆಯುಬ್ಬಿಸಿ, "ಇಪ್ಪತ್ತು" ಎಂದೆ.

ಒಳಗೆ ಒಗ್ಗರಣೆ ಸಿಡಿಯುತ್ತಿದ್ದರೂ ಅಡುಗೆಮನೆಯಿಂದ ಸ್ಪಷ್ಟವಾಗಿ ಕೇಳಿಸಿತು: "ಇಪ್ಪತ್ತು ಏನು?"

ಮತ್ತೆ ಅರ್ಧ ಅಂಕ ಹೋಯಿತು.