ಮಡಕಶಿರದವರೆಗೂ ಇಳಿಯುವಂತಿಲ್ಲ

ಶಿವಲಕ್ಷ್ಮಿ: ಮತ್ತೆ ಯಾಕ್ರೀ ಬೆಲ್ಟ್ ಬಿಚ್ಚಿದ್ರಿ? ಇಳೀಬೇಕು ಅನ್ನಿಸ್ತಾ?

ತಿಪ್ಪೇಸ್ವಾಮಿ: ಉಸಿರಾಡಾಕ ಸಡ್ಲ ಮಾಡ್ಕಂಡೆ. ಉಸಿರಾಡಬಾರ್ದು ಅಂತ ಎಲ್ಲೈತಿ?

ಶಿವಲಕ್ಷ್ಮಿ: ಸಿಂಹ ಹತ್ರ ಇದ್ರೆ ಅದನ್ನೂ ಮೆಲ್ಲಗೆ ಮಾಡ್ಬೇಕು.

ಕಾರು ರಾಯದುರ್ಗದ ಬೆಟ್ಟವನ್ನು ಹಿಂದೆ ಬಿಟ್ಟು ಕಲ್ಯಾಣದುರ್ಗದ ದಾರಿ ಹಿಡಿದಿತ್ತು. ತಿಪ್ಪೇಸ್ವಾಮಿಯ ಜೀನ್ಸ್ ಹೊಲಿಯುವ ಯೂನಿಟ್ಟು ಆ ವರ್ಷ ಬಟ್ಟೆ ಜಾಸ್ತಿ ಕೊಂಡಿದ್ದಕ್ಕೆ ಮಿಲ್ಲಿನವರು ಮನೆಮಂದಿಗೆಲ್ಲ ವಿದೇಶ ಪ್ರವಾಸದ ಬಹುಮಾನ ಕೊಟ್ಟಿದ್ದರು. ಊರಿನ ಉಳಿದ ಯೂನಿಟ್ಟಿನವರೆಲ್ಲ ಬ್ಯಾಂಕಾಕ್ ಬರೆಸಿದರೆ, ಇವನೊಬ್ಬ ಆಫ್ರಿಕಾ ಬರೆಸಿ ಬಂದಿದ್ದ. ಬಾಡಿಗೆ ಗಾಡಿ, ಡ್ರೈವರ್ ಇಲ್ಲ, ತಾನೇ ಓಡಿಸಿಕೊಂಡು ಒಂದು ಕಾಡಿನಿಂದ ಇನ್ನೊಂದು ಕಾಡಿಗೆ. ಗೇಟು ದಾಟಿದ ಮೇಲೆ ತಂಗುವ ಜಾಗ ಬರುವ ತನಕ ಗಾಡಿಯಿಂದ ಇಳಿಯುವಂತಿಲ್ಲ.

ಪ್ರವಾಸದ ನಿಯಮಗಳ ಆ ಕೊನೆಯ ಸಾಲು ಓದಿದಂದಿನಿಂದ ಶಿವಲಕ್ಷ್ಮಿಯ ನಿದ್ದೆ ಹಾರಿಹೋಗಿತ್ತು. ಬೆಂಗಳೂರಿನಲ್ಲಿ ಓದಿದವಳು; ಸಿಂಹ ಎಷ್ಟು ಜೋರಾಗಿ ಓಡುತ್ತದೆಂದು ಹುಡುಕಿ ಓದಿದ್ದಳು. ಟೀ ಅಂಗಡಿ ಕಂಡರೆ ಗಂಡನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆಂಬುದನ್ನು ಓದುವ ಅಗತ್ಯವಿರಲಿಲ್ಲ. ಮಡಿಲಲ್ಲಿ ಎರಡು ತುಂಬದ ಮಗಳು ಮಂಗಳಾ. ನಾಳೆ ಮಡಕಶಿರದ ತವರಿನಲ್ಲಿ ಅವಳ ಮುಡಿ ತೆಗೆಸುವುದಿತ್ತು. ಆ ಪ್ರಯಾಣವನ್ನೇ ಶಿವಲಕ್ಷ್ಮಿ ಗಂಡನಿಗೆ ಪರೀಕ್ಷೆಯಾಗಿಸಿಬಿಟ್ಟಿದ್ದಳು.

ಶಿವಲಕ್ಷ್ಮಿ: ಕರಾರು ಇನ್ನೊಂದ್ಸಲ ಹೇಳ್ಲಾ? ನಮ್ಮಪ್ಪನ ಮನೆ ಬಾಗ್ಲು ಬರೋವರೆಗೂ ಇಳಿಯೋ ಹಂಗಿಲ್ಲ. ನೀವು ಇಳಿದ್ರೆ ಆಫ್ರಿಕಾ ರದ್ದು.

ತಿಪ್ಪೇಸ್ವಾಮಿ: ನೀನಿಳಿದ್ರ?

ಶಿವಲಕ್ಷ್ಮಿ: ತುಟಿ ಪಿಟಕ್ಕನ್ನದೆ ನಿಮ್ಮ ಹಿಂದೆ ಬರ್ತೀನಿ.

ತಿಪ್ಪೇಸ್ವಾಮಿ: ಯಾರೂ ಇಳೀಲಿಲ್ಲಂದ್ರ?

ಶಿವಲಕ್ಷ್ಮಿ: ಆಗ್ಲೂ ಬರ್ತೀನಿ. ಆದ್ರೆ ಅಲ್ಲೀವರೆಗೂ ಗೊಣಗ್ತೀನಿ.

ಮುಂದಿನ ಸೀಟಿನಲ್ಲಿ ಕೂತಿದ್ದ ತಿಪ್ಪೇಸ್ವಾಮಿಯ ತಾಯಿ ಬೊಮ್ಮಕ್ಕ ಕತ್ತು ತಿರುಗಿಸಿದಳು. ಹಿಂದೆ ಕೂತರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು.

ಬೊಮ್ಮಕ್ಕ: ನಾನಿಳಿದ್ರ?

ತಿಪ್ಪೇಸ್ವಾಮಿ: ಅವ್ವಾ, ನೀನು ಆಟದಾಗಿಲ್ಲ.

ಬೊಮ್ಮಕ್ಕ: ಬಾಗ್ಲು ಮಾತ್ರ ನನಗೂ ಹಾಕೀಯಲ್ಲೋ! ಯಾವುದದು, ಟಕ್ ಅಂತೈತಲ್ಲ, ಆ ಗುಂಡಿ?

ತಿಪ್ಪೇಸ್ವಾಮಿ: ಇದು. ಒತ್ತಿದ್ರ ನಾಕೂ ಬಾಗ್ಲು ಬಂದ್. ಹೊರಗಿಂದ ಯಾವ ಪ್ರಾಣೀನೂ ತೆಗ್ಯಾಕ ಆಗಂಗಿಲ್ಲ.

ಕಲ್ಯಾಣದುರ್ಗ ಬಂತು. ಶಿವಲಕ್ಷ್ಮಿ ಕಾಯುತ್ತಿದ್ದದ್ದು ಇದಕ್ಕೇ.

ಶಿವಲಕ್ಷ್ಮಿ: ರೀ, ಮಿರ್ಚಿ ಬಜ್ಜಿ. ಈಗತಾನೇ ಬಾಣಲೆಯಿಂದ ಎತ್ತಿದ.

ತಿಪ್ಪೇಸ್ವಾಮಿ: ನಾ ನೋಡಿಲ್ಲ.

ಶಿವಲಕ್ಷ್ಮಿ: ಮೇಲೆ ಈರುಳ್ಳಿ ಉದುರಿಸ್ತಾ ಇದಾನೆ. ನಿಂಬೆಹಣ್ಣೂ ಹಿಂಡಿದ.

ತಿಪ್ಪೇಸ್ವಾಮಿ: ಜಿರಾಫೆ ಅಂದ್ಕಂತೀನಿ. ದೂರಿಂದ ನೋಡಿ ಮುಂದಕ್ಕ ಹೋಗ್ತೀನಿ.

ಬೊಮ್ಮಕ್ಕ: ಆ ಜಿರಾಫೆ ನನಗೆರಡು ಕಟ್ಟಿಸ್ಕಳ್ಳಪ್ಪ.

ಕಾರು ನಿಲ್ಲಲಿಲ್ಲ. ತಿಪ್ಪೇಸ್ವಾಮಿಯ ಗಂಟಲು ಮಾತ್ರ ಒಮ್ಮೆ ಮೇಲೆ ಹೋಗಿ ಕೆಳಗಿಳಿದದ್ದು ಕನ್ನಡಿಯಲ್ಲಿ ಕಂಡಿತು. ಇವನು ಗೆದ್ದರೇನು ಗತಿ ಎಂದು ಶಿವಲಕ್ಷ್ಮಿಗೆ ಮೊದಲ ಸಲ ದಿಗಿಲಾಯಿತು. ಮಗುವಿನ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ. ಆದರೂ ಇನ್ನೊಮ್ಮೆ ಮುಟ್ಟಿ ನೋಡಿದಳು.

ಮುಂದೆ ಒಂದು ತಿರುವಿನಲ್ಲಿ ರಸ್ತೆ ತುಂಬ ಕುರಿಗಳು.

ತಿಪ್ಪೇಸ್ವಾಮಿ: ನೋಡು ಶಿವಿ, ಇದ ಅಲ್ಲಿನೂ! ಸಾವಿರಗಟ್ಲೆ ಪ್ರಾಣಿ ಒಂದ ಸಲಕ್ಕ ರಸ್ತೆ ದಾಟ್ತಾವು. ನಾವು ಸುಮ್ಮನ ಕುಂತು ನೋಡಾದು.

ಶಿವಲಕ್ಷ್ಮಿ: ಅಲ್ಲಿ ಹಿಂದೆ ಕುರುಬ ಬರ್ತಾನಾ, ಸಿಂಹ ಬರುತ್ತಾ?

ಬೊಮ್ಮಕ್ಕ: ಏ ತಿಪ್ಪಾ, ಆ ಟಗರು ಕುಂಟ್ತೈತಿ ನೋಡು. ಕಾಲಾಗ ಮುಳ್ಳೈತಿ. ಬಾಗ್ಲು ತೆಗಿ, ಕಿತ್ತು ಒಗದು ಬರ್ತೀನಿ.

ಶಿವಲಕ್ಷ್ಮಿ: ಅತ್ತೆ, ಬೇಡ! ಅದನ್ನ ಸಿಂಹ ಅಂದ್ಕೊಳ್ಳಿ.

ಬೊಮ್ಮಕ್ಕ: ಸಿಂಹ ಆದ್ರ ಮುಳ್ಳು ಚುಚ್ಚಂಗಿಲ್ಲೇನು?

ಶಿವಲಕ್ಷ್ಮಿ: ಅಭ್ಯಾಸ ತಪ್ಪಬಾರ್ದು ಅತ್ತೆ. ಅಲ್ಲಿ ಹೀಗೇ ಇಳಿದುಬಿಟ್ರೆ?

ಬೊಮ್ಮಕ್ಕ: ಆತು ಬಿಡವ್ವ. ಹುಟ್ಟಿದಾಗಿಂದ ಕುರಿ ಹಿಂದ ಓಡಿದೋಳು ಇವತ್ತು ಗಾಜಿನಾಗ ಕುಂತು ನೋಡ್ತೀನಿ. ಇಳಿಯಂಗಿಲ್ಲ ಅಂದ್ರ ಇಳಿಯಂಗಿಲ್ಲ.

ಕುರುಬನೇ ಟಗರನ್ನು ಮಗುಚಿ ಮುಳ್ಳು ಕಿತ್ತ. ಹೀಗಲ್ಲ, ಹಾಗೆ ಹಿಡಿ ಎಂದು ಬೊಮ್ಮಕ್ಕ ಗಾಜಿನ ಒಳಗಿನಿಂದಲೇ ಕೈಸನ್ನೆ ಮಾಡಿ ಮಾಡಿ ಸುಸ್ತಾದಳು.

ಪಾವಗಡ ದಾಟಿತು. ಮಡಕಶಿರದ ಕೋಟೆ ಬೆಟ್ಟ ಕಂಡಿತು. ತಿಪ್ಪೇಸ್ವಾಮಿ ಆಗಲೇ ಸಿಳ್ಳೆ ಹಾಕತೊಡಗಿದ್ದ. ತವರಿನ ಬೀದಿಗೆ ತಿರುಗಬೇಕು, ಅಷ್ಟರಲ್ಲಿ ಯಾರೋ ಛತ್ರಿ ಅಡ್ಡ ಹಿಡಿದು ರಸ್ತೆಯ ಮಧ್ಯೆ ನಿಂತರು. ಶಿವಲಕ್ಷ್ಮಿಯ ದೊಡ್ಡಪ್ಪ ದೊಡ್ಡರಂಗಪ್ಪ. ಮದುವೆಯೂಟದಲ್ಲಿ ಎಲೆಗೆ ಉಪ್ಪು ತಡವಾಗಿ ಬಂತೆಂದು ಸ್ವಂತ ತಮ್ಮನೊಡನೆ ವರ್ಷಗಟ್ಟಲೆ ಮಾತು ಬಿಟ್ಟವರು.

ಶಿವಲಕ್ಷ್ಮಿಗೆ ಕುಣಿಯುವಷ್ಟು ಖುಷಿಯಾಯಿತು. ಹಿರಿಯರನ್ನು ಕಂಡು ಗಾಡಿಯಿಂದ ಇಳಿಯದ ಅಳಿಯ ಈ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಗೆದ್ದೆ ಅಂದುಕೊಂಡಳು.

ತಿಪ್ಪೇಸ್ವಾಮಿ ಗಾಜನ್ನು ಒಂದು ಬೆರಳಷ್ಟು ಇಳಿಸಿ, ಒಳಗಿನಿಂದಲೇ ಕೈಮುಗಿದ.

ತಿಪ್ಪೇಸ್ವಾಮಿ: ನಮಸ್ಕಾರ್ರಿ ಮಾವಾರ. ಆರಾಮದೀರಿ?

ದೊಡ್ಡರಂಗಪ್ಪ: ಯಾಕಪ್ಪಾ, ಕಾಲಿಗೇನಾಯ್ತು?

ತಿಪ್ಪೇಸ್ವಾಮಿ: ಏನೂ ಆಗಿಲ್ರಿ.

ದೊಡ್ಡರಂಗಪ್ಪ: ಬಾಗ್ಲು ಕೆಟ್ಟೈತಾ?

ತಿಪ್ಪೇಸ್ವಾಮಿ: ಚಲೋ ಐತ್ರಿ.

ದೊಡ್ಡರಂಗಪ್ಪ: ಓಹೋ. ಅಂಗಾದ್ರೆ ಕೆಟ್ಟಿರೋನು ನಾನೇ.

ಶಿವಲಕ್ಷ್ಮಿ: (ಪಿಸುಗುಟ್ಟುತ್ತ) ರೀ, ಇಳೀರಿ!

ತಿಪ್ಪೇಸ್ವಾಮಿ: (ಅವಳಿಗಿಂತ ಮೆಲ್ಲಗೆ) ದಾರಿಗೆ ಆನೆ ಬಂದೈತಿ. ಹಾರನ್ ಹೊಡೀಬಾರ್ದು, ದಿಟ್ಟಿಸಿ ನೋಡಬಾರ್ದು. ಅದರ ಪಾಡಿಗೆ ಅದು ಹೋಗ್ತೈತಿ.

ದೊಡ್ಡರಂಗಪ್ಪ: ಯಾವುದು ಓಗ್ತೈತೆ?

ಶಿವಲಕ್ಷ್ಮಿ: ಆನೆ, ದೊಡ್ಡಪ್ಪ. ಇಲ್ಲಿದಲ್ಲ. ಆಫ್ರಿಕಾದ್ದು.

ದೊಡ್ಡರಂಗಪ್ಪ: ಸರಿ ಕಣವ್ವ. ನಿಮ್ಮಪ್ಪಂಗೆ ಯೋಳ್ಬುಡು, ನಾಳೀಕೆ ನಾನು ಬರಾಕಿಲ್ಲ ಅಂತ. ಆನೇನೇ ಕೂರಿಸ್ಕೊಂಡು ಮುಡಿ ತೆಗಿಸ್ಕೊಳ್ಳಿ.

ದೊಡ್ಡರಂಗಪ್ಪ ಛತ್ರಿ ಬಗಲಿಗಿಟ್ಟು ಹೊರಟೇಬಿಟ್ಟರು. ಅವರಿಲ್ಲದೆ ಆ ಮನೆಯಲ್ಲಿ ಕತ್ತರಿ ಮೇಲೇಳುವುದಿಲ್ಲ. ಅಪ್ಪನ ಮುಖ, ಅಮ್ಮನ ಕಣ್ಣೀರು, ಮುಂದಿನ ಹತ್ತು ಮದುವೆಗಳಲ್ಲಿ ಆಡಿಕೊಳ್ಳುವ ಬಾಯಿಗಳು, ಎಲ್ಲವೂ ಶಿವಲಕ್ಷ್ಮಿಯ ಕಣ್ಮುಂದೆ ಬಂದವು. ಸಿಂಹ ಯಾವ ಮೂಲೆಗೆ ಹೋಯಿತೋ! ಮಗುವನ್ನು ಅತ್ತೆಯ ಮಡಿಲಿಗೆ ದಾಟಿಸಿ, ಬಾಗಿಲು ತೆಗೆದು ಓಡಿ, ದೊಡ್ಡಪ್ಪನ ಕಾಲಿಗೆ ಬಿದ್ದಳು.

ತಿಪ್ಪೇಸ್ವಾಮಿ: ಇಳಿದ್ಲು! ಅವ್ವಾ, ನೋಡಿದೇನು? ಇಳಿದ್ಲು!

ಹಿಗ್ಗಿನಲ್ಲಿ ಅವನೂ ಬಾಗಿಲು ತೆಗೆದು ಹಾರಿ, ಹೋಗಿ ಹೆಂಡತಿಯ ಪಕ್ಕದಲ್ಲೇ ಬಿದ್ದ.

ತಿಪ್ಪೇಸ್ವಾಮಿ: ಆಶೀರ್ವಾದ ಮಾಡ್ರಿ ಮಾವಾರ. ಆಫ್ರಿಕಾಕ್ಕ ಹೊಂಟೀವಿ!

ಶಿವಲಕ್ಷ್ಮಿ: ರೀ, ನೀವೀಗ ಎಲ್ಲಿದೀರಿ?

ತಿಪ್ಪೇಸ್ವಾಮಿ: ಮಾವಾರ ಕಾಲಾಗ.

ಶಿವಲಕ್ಷ್ಮಿ: ನಮ್ಮಪ್ಪನ ಮನೆ ಬಾಗ್ಲು ಬಂತಾ?

ತಿಪ್ಪೇಸ್ವಾಮಿ ತಲೆಯೆತ್ತಿ ಬೀದಿಯ ಆ ತುದಿ ನೋಡಿದ. ಬಾಗಿಲು ಅಲ್ಲಿತ್ತು.

ತಿಪ್ಪೇಸ್ವಾಮಿ: ಮೊದ್ಲು ಇಳಿದೋಳು ನೀನು!

ಶಿವಲಕ್ಷ್ಮಿ: ಮೊದ್ಲು ಆಮೇಲೆ ಅಂತ ಕರಾರಿರ್ಲಿಲ್ಲ. ರದ್ದು!

ತಿಪ್ಪೇಸ್ವಾಮಿ: ತುಟಿ ಪಿಟಕ್ಕನ್ನಂಗಿಲ್ಲ ಅಂದಿದ್ದಿ!

ದೊಡ್ಡರಂಗಪ್ಪ: ನನ್ನ ಕಾಲು ಬುಟ್ಟು ಜಗಳ ಆಡ್ರಪ್ಪ. ಬೀಗಿತ್ತೀ, ನೀವಾದ್ರೂ ಇಳ್ದು ಬುದ್ಧಿ ಯೋಳ್ರಿ.

ಕಾರಿನೊಳಗೆ ಟಕ್ ಎಂದಿತು. ನಾಲ್ಕೂ ಬಾಗಿಲು ಬಂದ್. ಬೊಮ್ಮಕ್ಕ ಮೊಮ್ಮಗಳನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಗಾಜನ್ನು ಒಂದೇ ಒಂದು ಬೆರಳಷ್ಟು ಇಳಿಸಿದಳು.

ಬೊಮ್ಮಕ್ಕ: ಇಳಿಯಂಗಿಲ್ರಿ ಬೀಗ್ರ. ಇಳಿದೋರ ಗತಿ ನೋಡಿದ್ರಲ್ಲ. ಕುರಿ ಬಂದ್ರೂ ಇಳೀಲಿಲ್ಲ, ನೀವು ಬಂದ್ರೂ ಇಳೀಲಿಲ್ಲ, ಪಾಸಾದೋರು ನಾನು, ನನ್ನ ಮಂಗಳಾ. ಆಫ್ರಿಕಾಕ್ಕ ನಾವಿಬ್ರ ಹೋಗ್ತೀವಿ.

ತಿಪ್ಪೇಸ್ವಾಮಿ: ಅವ್ವಾ! ಅಲ್ಲಿ ಗಾಡಿ ಯಾರು ಓಡಿಸ್ತಾರ?

ಬೊಮ್ಮಕ್ಕ: ನೀನ ಒಬ್ಬ ಡ್ರೈವರ್‌ನ ಹುಡುಕಿ ಕೊಡು. ಹೆಂಡ್ತಿ ತವರುಮನಿ ಇಲ್ಲದೋನಾಗಿರ್ಲಿ.

ಗಾಜು ಮೇಲೇರಿತು.